ನಮ್ಮ ಮನೆ ಮಾಲೀಕರ ಭಾನುವಾರದ ಜಿನ್

ಅವರ ಬಲಗೈ ಮಡಿಲ ಮೇಲೆ ಸುಮ್ಮನಿದ್ದಾಗ ನಡುಗುತ್ತಿತ್ತು. ಹೆಬ್ಬೆರಳು ತೋರುಬೆರಳನ್ನು ಸವರುತ್ತಾ, ಕಾಣದ ಜಪಸರವೊಂದರ ಮಣಿಗಳನ್ನು ಒಂದೊಂದಾಗಿ ದಾಟಿಸುತ್ತಿರುವಂತೆ ತೋರುತ್ತಿತ್ತು. ಅದೇ ಕೈ ಬಾಟಲಿಯನ್ನೋ ಗಾಜಿನ ಲೋಟವನ್ನೋ ಹಿಡಿದ ಕೂಡಲೇ ನಡುಕ ನಿಂತು, ಹನಿಯೂ ಚೆಲ್ಲದಂತೆ ಕೆಲಸ ಮಾಡುತ್ತಿತ್ತು. ಅವರ ಮರ್ಯಾದೆಗೆ ಕುಂದು ತಂದದ್ದು ಈ ಒಂದು ಸಂಗತಿಯೇ ಆದುದರಿಂದ ಇದನ್ನು ಮೊದಲಿಗೇ ನಮೂದಿಸಿದ್ದೇನೆ.

ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದವನು ನಾನು. ಲೋಪದೋಷಗಳು ಕಂಡುಬಂದಲ್ಲಿ ಓದುಗರು ಮನ್ನಿಸಬೇಕಾಗಿ ವಿನಂತಿ.

ಉಡುಪಿ ಪ್ರತ್ಯೇಕ ಜಿಲ್ಲೆಯಾದ ಹೊಸತರಲ್ಲಿ ಗದಗಿನ ಕಡೆಯಿಂದ ವರ್ಗವಾಗಿ ಬಂದ ನನಗೆ ಬಾಡಿಗೆ ಮನೆ ದೊರೆತದ್ದು ಕಾಪುವಿನಲ್ಲಿ. ಮಾಲೀಕರು ಮಹಡಿಯಲ್ಲಿ, ನಾನು ಕೆಳಗೆ. ಅವರು ಬಹರೈನಿನ ಹೋಟೆಲೊಂದರಲ್ಲಿ ಬಹುಕಾಲ ಬಾರಿನ ಮೇಜಿನ ಹಿಂದೆ ನಿಂತು ದುಡಿದು, ನಿವೃತ್ತರಾಗಿ ಊರಿಗೆ ಮರಳಿದ್ದರು. ಮನೆಯಲ್ಲಿ ಅವರ ಪತ್ನಿ, ಮತ್ತು ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಗಳು. ಊರಿನವರು ಕ್ರೈಸ್ತ ಹಿರಿಯರನ್ನು ಕರೆಯುವ ರೂಢಿಯಂತೆ ಅವರನ್ನು ‘ಪೊರ್ಬುಗಳು’ ಎಂದೂ, ಪತ್ನಿಯನ್ನು ‘ಬಾಯಮ್ಮ’ ಎಂದೂ ಕರೆಯುತ್ತಿದ್ದರು.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ, ಊಟಕ್ಕೆ ಮುಂಚೆ, ಮಹಡಿಯ ಬಾಲ್ಕನಿಯಲ್ಲಿ ಅವರು ಜಿನ್ ಬೆರೆಸುತ್ತಿದ್ದರು. ಅವರ ಇಬ್ಬರು ಹಳೆಯ ಗೆಳೆಯರು ಬರುತ್ತಿದ್ದರು. ಎಲ್ಲರಿಗೂ ಒಂದೊಂದೇ ಲೋಟ. ಮದ್ಯದ ವಾಸನೆಯನ್ನೇ ಅರಿಯದ ಮನೆಯಲ್ಲಿ ಬೆಳೆದ ನನ್ನನ್ನೂ ಅವರು ಕರೆದಾಗ ನಾನು ಕೈಮುಗಿದು ನಿರಾಕರಿಸಿದೆ.

“ನಿಮಗೆ ಜಿನ್ ಕೊಡುವವ ಯಾರು ಮಾರಾಯ್ರೆ? ಜಿನ್ ಬಿಟ್ಟು ಬಾಕಿ ಎಲ್ಲ ನಿಮಗೆ. ಬನ್ನಿ, ಕೂತುಕೊಳ್ಳಿ” ಎಂದರು.

ಹಾಗೆ ನಾನು ನೋಡುವವನಾದೆ. ಶನಿವಾರ ಸಂಜೆಯೇ ಲಿಂಬೆಯ ಹಸಿರು ಸಿಪ್ಪೆಯನ್ನು, ಒಳಗಿನ ಬಿಳಿ ಭಾಗ ತಾಗದಂತೆ, ತೆಳುವಾಗಿ ಹೆರೆದು ಸಕ್ಕರೆಯಲ್ಲಿ ಕಿವುಚಿ ಮುಚ್ಚಿಡುತ್ತಿದ್ದರು. ಬೆಳಗಾಗುವಾಗ ಸಕ್ಕರೆ ಎಣ್ಣೆಯಂತೆ ಕರಗಿ ಘಮಘಮಿಸುತ್ತಿತ್ತು. ಅದಕ್ಕೆ ರಸ ಸೇರಿಸಿ ಬಟ್ಟೆಯಲ್ಲಿ ಸೋಸಿದರೆ ಗಿಮ್ಲೆಟ್ ಎಂಬ ಜಿನ್ ಪಾನೀಯಕ್ಕೆ ಬೇಕಾದ ಲಿಂಬೆಪಾಕ ಸಿದ್ಧ. ಮಂಜುಗಡ್ಡೆ ಸ್ಫಟಿಕದಂತಿರಲೆಂದು ನೀರನ್ನು ಕುದಿಸಿ ಆರಿಸಿ ತಿಂಡಿಡಬ್ಬಿಯಲ್ಲಿ ಗಟ್ಟಿಯಾಗಿಸಿ, ಚೂರಿಯ ಬೆನ್ನಿನಿಂದ ಒಡೆಯುತ್ತಿದ್ದರು. ಅಳತೆಗೆ ಕೆಮ್ಮಿನ ಔಷಧದ ಮುಚ್ಚಳ. ಎರಡು ಮುಚ್ಚಳ ಜಿನ್, ಒಂದು ಮುಚ್ಚಳ ಪಾಕ. ಅವರು ಬಹರೈನಿನಿಂದ ತಂದಿದ್ದ ಸ್ಟೀಲಿನ ಶೇಕರಿನಲ್ಲಿ ಹಾಕಿ, ಹೊರಮೈಗೆ ಬಿಳಿ ಇಬ್ಬನಿ ಕೂರುವವರೆಗೆ ಅಲುಗಾಡಿಸುವುದು.

“ಹಣ್ಣಿನ ರಸ ಇದ್ದರೆ ಕುಲುಕಬೇಕು. ಬರೀ ಮದ್ಯವಾದರೆ ಚಮಚದಲ್ಲಿ ಮೆಲ್ಲ ತಿರುಗಿಸಬೇಕು. ಮಾರ್ಟಿನಿಯನ್ನು ಕುಲುಕುವವನನ್ನು ನಾನು ಮನೆಯೊಳಗೆ ಬಿಡ್ಲಿಕ್ಕಿಲ್ಲ” ಎನ್ನುತ್ತಿದ್ದರು. ಸೆಕೆ ಹೆಚ್ಚಿದ್ದ ದಿನ ಎತ್ತರದ ಲೋಟದಲ್ಲಿ ಸೋಡಾ ತುಂಬಿ ಕಾಲಿನ್ಸ್ ಎಂಬ ಪಾನೀಯ ಮಾಡುತ್ತಿದ್ದರು. ಯಾರಾದರೂ “ಇನ್ನು ಸ್ವಲ್ಪ ಹಾಕಿ ಪೊರ್ಬುಗಳೇ” ಎಂದರೆ, “ಅಳತೆಯಲ್ಲಿ ದಯೆ ತೋರಿಸಿದರೆ ರುಚಿಯೂ ಹೋಯಿತು, ಮನುಷ್ಯನೂ ಹೋದ” ಎಂದು ಮುಚ್ಚಳ ತೊಳೆದಿಡುತ್ತಿದ್ದರು. ತಮ್ಮ ಒಂದು ಲೋಟವನ್ನು ಕೊನೆಯಲ್ಲಿ ಮಾಡಿಕೊಂಡು ಊಟದ ಕರೆ ಬರುವವರೆಗೂ ಅದನ್ನೇ ಹಿಡಿದು ಕುಳಿತಿರುತ್ತಿದ್ದರು. ನನಗೆ ಅದೇ ಬಗೆಯ ಲೋಟದಲ್ಲಿ, ಅದೇ ಮಂಜುಗಡ್ಡೆಯೊಡನೆ, ಬರೀ ಲಿಂಬೆಪಾಕ. ರಸ್ತೆಯಿಂದ ನೋಡುವವರಿಗೆ ನಾಲ್ಕೂ ಲೋಟಗಳು ಒಂದೇ ರೀತಿ ಕಾಣುತ್ತಿದ್ದವು. ಪರಿಚಿತರು ದಾರಿಯಲ್ಲಿ ಹಾದುಹೋದಾಗ ನಾನು ನಾಚಿ ಲೋಟವನ್ನು ಕುರ್ಚಿಯ ಕೆಳಗೆ ಇಡುತ್ತಿದ್ದೆ. ಇಟ್ಟದ್ದರಿಂದ ಸಂಶಯ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲವೆಂದು ಈಗ ಅನ್ನಿಸುತ್ತದೆ.

ನಡುಕ ಆರಂಭವಾದದ್ದು ನಾನು ಆ ಮನೆಗೆ ಬಂದ ಕೆಲವು ವರ್ಷಗಳ ನಂತರ. ಮಣಿಪಾಲದ ವೈದ್ಯರು ಅದು ನರಗಳಿಗೆ ಸಂಬಂಧಿಸಿದ ಕಾಯಿಲೆಯೆಂದೂ, ಕೈ ವಿಶ್ರಾಂತಿಯಲ್ಲಿರುವಾಗ ನಡುಗಿ ಕೆಲಸಕ್ಕೆ ತೊಡಗಿದಾಗ ನಿಲ್ಲುವುದು ಅದರ ಲಕ್ಷಣವೆಂದೂ ತಿಳಿಸಿದರು. ಊರು ವೈದ್ಯರಿಗಿಂತ ಮುಂಚೆಯೇ ತೀರ್ಮಾನಿಸಿಯಾಗಿತ್ತು. “ಪೊರ್ಬುಗಳ ಕೈ ನೋಡಿದಿರಾ? ಬಾಟ್ಲಿ ಮುಟ್ಟಿದರೆ ಮಾತ್ರ ಸರಿಯಾಗ್ತದೆ” ಎಂದು ಬಸ್ ನಿಲ್ದಾಣದಲ್ಲಿ ಆಡಿಕೊಂಡದ್ದನ್ನು ನಾನೇ ಕೇಳಿದ್ದೇನೆ. ಮಾಲೀಕರ ಸಮಾಜದಲ್ಲಿ ಒಂದು ಲೋಟ ಕುಡಿಯುವುದು ತಪ್ಪೆನಿಸದು. ಕುಡುಕನೆನಿಸಿಕೊಂಡರೆ ಮಾತ್ರ ಆ ಮನೆಯ ಹೆಣ್ಣನ್ನು ಕೇಳುವವರಿಲ್ಲ.

ಈ ಸಂದರ್ಭದಲ್ಲಿಯೇ ಕಾರ್ಕಳದಿಂದ ಮಗಳಿಗೆ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗ ಹುಡುಗಿ ಪರಸ್ಪರ ಒಪ್ಪಿದ್ದರು. ಹುಡುಗನ ತಂದೆ ಮನೆ ನೋಡಿ ಮಾತು ಕೊಡುವುದೊಂದೇ ಬಾಕಿ. ಅವರು ಬರುವ ಭಾನುವಾರ ಬೆಳಿಗ್ಗೆ ಬಾಯಮ್ಮನವರು ಬಾಟಲಿಗಳನ್ನೂ ಶೇಕರನ್ನೂ ಬುಟ್ಟಿಯಲ್ಲಿ ತುಂಬಿಕೊಂಡು ನನ್ನ ಬಾಗಿಲಿಗೆ ಬಂದರು.

“ಸರ್, ಒಂದು ಉಪಕಾರ ಆಗಬೇಕು. ಕಾರ್ಕಳದವರ ಕಿವಿಗೆ ಯಾರೋ ಊದಿದ್ದಾರಂತೆ. ಇದು ಸಂಜೆಯವರೆಗೆ ನಿಮ್ಮಲ್ಲಿ ಇರಲಿ. ನಿಮ್ಮ ಮನೆಯನ್ನು ಯಾರು ಸಂಶಯ ಮಾಡ್ತಾರೆ ಹೇಳಿ? ಮತ್ತೆ, ನೀವೂ ಮೇಲೆ ಬಂದು ನಮ್ಮೊಟ್ಟಿಗೆ ಕೂತುಕೊಳ್ಳಿ. ಗವರ್ನಮೆಂಟಿನವರು ಇದ್ದರೆ ಒಂದು ಗೌರವ.”

ಒಪ್ಪಿಕೊಂಡೆ. ಆ ದಿನಗಳಲ್ಲಿ ಗದಗಿನಿಂದ ನನ್ನ ತಾಯಿ ಬಂದಿದ್ದರು. ಅಡಿಗೆಮನೆಯ ಮೂಲೆಯಲ್ಲಿ ಬುಟ್ಟಿಯನ್ನು ಕಂಡು ಅವರು ಬೆಚ್ಚಿಬಿದ್ದರು.

“ಇದೇನೋ ಇದು? ಖರೇ ಹೇಳು, ಯಾರ್ದು?”

“ಮ್ಯಾಲಿನವರದವ್ವ.”

“ಮ್ಯಾಲಿನವರದು ಕೆಳಗ್ಯಾಕ ಬಂತು? ದೇವರ ಮುಂದ ಇಟ್ಟೀಯಲ್ಲೋ, ಬುದ್ಧಿಗೇಡಿ!” ಎಂದು ಲಿಂಗದ ಪೀಠವನ್ನೇ ಎತ್ತಿಕೊಂಡು ಪಡಸಾಲೆಗೆ ನಡೆದರು.

ಕಾರ್ಕಳದವರು ಬಂದಾಗ ನಾನು ಮೇಲೆ ಇದ್ದೆ. ನನಗೆ ಕೊಂಕಣಿ ಬಾರದೆಂಬ ಸೌಜನ್ಯದಿಂದ ಎಲ್ಲರೂ ಕನ್ನಡದಲ್ಲಿಯೇ ಮಾತನಾಡಿದರು. ಮಾಲೀಕರ ಕೈ ಕಾಣದಿರಲೆಂದು ಬಾಯಮ್ಮನವರು ಅವರ ಮಡಿಲ ಮೇಲೆ ದಿನಪತ್ರಿಕೆಯನ್ನು ಹರಡಿದ್ದರು. ಮಾತು ನಿಂತಾಗಲೆಲ್ಲ ಆ ಪತ್ರಿಕೆ ಸರಸರ ಎನ್ನುತ್ತಿತ್ತು. ಫ್ಯಾನಿನ ಗಾಳಿಯೆಂದು ತೋರಿಸಲು ಬಾಯಮ್ಮನವರು ಎದ್ದು ಫ್ಯಾನನ್ನು ಜೋರು ಮಾಡಿದರು.

“ಎಂತಾ ಸೆಕೆ! ಗಂಟಲು ಒಣಗಿತು. ಎಂತಾದರೂ ಉಂಟಾ?” ಎಂದು ಹುಡುಗನ ತಂದೆ ಕೇಳಿದರು.

“ಜ್ಯೂಸ್ ಉಂಟು” ಎಂದರು ಬಾಯಮ್ಮ.

“ಜ್ಯೂಸಾ? ಬಹರೈನಿನಲ್ಲಿ ಬಾರ್ ನೋಡಿಕೊಂಡವರ ಮನೆ ಅಲ್ವಾ ಇದು?”

“ಈಗ ನಮ್ಮಲ್ಲಿ ಅದೆಲ್ಲ ಇಲ್ಲ. ಬಿಟ್ಟೇ ಬಿಟ್ಟಿದ್ದಾರೆ. ಬಾಟ್ಲಿ ಮನೆಯೊಳಗೇ ಬರ್ಲಿಕ್ಕಿಲ್ಲ.”

ಮಾಲೀಕರು ಪತ್ನಿಯ ಮುಖವನ್ನು ನೋಡಿದರು. ಪತ್ರಿಕೆಯನ್ನು ಮಡಚಿ ಕೆಳಗಿಟ್ಟು ನನ್ನ ಕಡೆಗೆ ತಿರುಗಿದರು.

“ಸರ್, ನನ್ನ ಸಾಮಾನು ತನ್ನಿ ಮಾರಾಯ್ರೆ. ಮನೆಗೆ ಬಂದವರಿಗೆ ಸುಳ್ಳು ಕುಡಿಸಿ ಕಳಿಸುವುದು ಬೇಡ.”

ನಾನು ಕೆಳಗಿಳಿದು ಬುಟ್ಟಿಯನ್ನೆತ್ತಿದಾಗ ತಾಯಿ ಅಡ್ಡ ಬಂದರು. “ಹೆಣ್ಣು ನೋಡಾಕ ಬಂದೋರ ಮುಂದ ಇದನ್ನ ಹೊತ್ಕೊಂಡು ಹೋಗ್ತೀಯೇನೋ? ಹಿಂಗ ಒಯ್ಯಬ್ಯಾಡ, ತಡಿ” ಎಂದು ತಮ್ಮ ಟವೆಲನ್ನು ಹೊದಿಸಿದರು. ಟವೆಲಿನಡಿಯಲ್ಲಿ ಬಾಟಲಿಗಳು ಮೆಟ್ಟಿಲು ಮೆಟ್ಟಿಲಿಗೂ ಕಿಣಿಕಿಣಿ ಎಂದವು.

ನನ್ನನ್ನು ಕಂಡು ಹುಡುಗನ ತಂದೆ ನಕ್ಕರು. “ಓಹೋ, ಸ್ಟಾಕೆಲ್ಲ ಸರ್ಕಾರಿ ಗೋದಾಮಿನಲ್ಲಿ ಉಂಟು!”

ಎಲ್ಲರೂ ನಕ್ಕರು. ಬಾಯಮ್ಮನವರು ಮಾತ್ರ ಗೋಡೆಯ ಕಡೆಗೆ ಮುಖ ಮಾಡಿದರು. “ಬಾಟ್ಲಿ ನನ್ನದು. ಸರ್ ಮುಟ್ಟುವ ಜನ ಅಲ್ಲ. ಅವರಲ್ಲಿ ಇಡಿಸಿದ್ದು ನಾವು” ಎಂದು ಮಾಲೀಕರು ಸ್ಪಷ್ಟಪಡಿಸಿದರು. ಆ ಮಾತಿಗೂ ನಗು ಬಂತು.

ಅವರು ಗಿಮ್ಲೆಟ್ ಮಾಡಿದರು. ಅಂದಿನಷ್ಟು ಅಚ್ಚುಕಟ್ಟಾಗಿ ಮಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಲೋಟಗಳು ಒಂದೇ ಮಟ್ಟಕ್ಕೆ ತುಂಬಿದವು. ಮೇಜಿನ ಮೇಲೆ ಒಂದು ಹನಿಯಿಲ್ಲ. ಹುಡುಗನ ತಂದೆ ಲೋಟವನ್ನು ನೋಡಲಿಲ್ಲ, ಆ ಕೈಯನ್ನೇ ನೋಡುತ್ತಿದ್ದರು. ಜೊತೆಗೆ ಬಂದಿದ್ದ ತಮ್ಮನಿಗೆ, “ಮುಟ್ಟಿದ ಕೂಡಲೆ ಸರಿಯಾಯಿತು ನೋಡು” ಎಂದು ಮೆಲ್ಲನೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಮಾಲೀಕರು ಶೇಕರನ್ನು ಕೆಳಗಿಟ್ಟು ಬರಿಗೈಯನ್ನು ಮೇಜಿನ ನಡುವೆ ಇಟ್ಟರು. ಅದು ನಡುಗಲಾರಂಭಿಸಿತು.

“ನೋಡಿ. ಬಾಟ್ಲಿ ಮಾತ್ರ ಅಲ್ಲ, ಎಂತ ಹಿಡಿದರೂ ನಿಲ್ತದೆ” ಎಂದು ಚಮಚ ಹಿಡಿದರು, ನಿಂತಿತು. ಬಿಟ್ಟರು, ನಡುಗಿತು. ನನ್ನ ಜೇಬಿನ ಪೆನ್ನನ್ನು ಕೇಳಿ ಹಿಡಿದರು, ನಿಂತಿತು. ಬಿಟ್ಟರು. “ಇದು ಕಾಯಿಲೆ. ನಾನು ವಾರಕ್ಕೆ ಒಂದು ಲೋಟ ಕುಡಿಯುವವ. ಬೇಕಾದರೆ ಡಾಕ್ಟರರನ್ನು ಕೇಳಿ. ಇನ್ನೊಮ್ಮೆ ನೋಡಿ, ಈಗ ಕನ್ನಡಕ ಹಿಡಿಯುತ್ತೇನೆ...”

ಒಳಬಾಗಿಲಲ್ಲಿ ನಿಂತಿದ್ದ ಮಗಳು, “ಪಪ್ಪಾ, ಸಾಕು” ಎಂದಳು.

ಅವರು ಕನ್ನಡಕವನ್ನು ಹಾಗೆಯೇ ಹಿಡಿದುಕೊಂಡು ಕುಳಿತರು. ಬಂದವರೆಲ್ಲ ಲೋಟದ ಅಂಚಿಗೆ ತುಟಿ ತಾಗಿಸಿ, ಚೆನ್ನಾಗಿದೆಯೆಂದು ಹೇಳಿ, ತುಂಬಿದ ಲೋಟಗಳನ್ನು ಬಿಟ್ಟು ಎದ್ದರು.

ಮೆಟ್ಟಿಲಿಳಿಯುವಾಗ ಹುಡುಗನ ತಂದೆ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. “ಸತ್ಯ ಹೇಳಿ ಸರ್. ಅವರು ಎಷ್ಟು ಕುಡಿತಾರೆ?”

“ಭಾನುವಾರ ಒಂದು ಲೋಟ. ಅದೂ ಅಳೆದು.”

“ನೀವು?”

“ನಾನು ಕುಡಿಯುವುದಿಲ್ಲ. ಅವರ ಜೊತೆ ಕೂರುತ್ತೇನೆ. ನನ್ನ ಲೋಟದಲ್ಲಿ ಇರುವುದು ಬರೀ ಲಿಂಬೆ.”

ಅವರು ಭುಜ ತಟ್ಟಿದರು. “ಆಯಿತು ಸರ್, ಆಯಿತು. ಎಲ್ಲರ ಲೋಟದಲ್ಲೂ ಲಿಂಬೆಯೇ ಇರುವುದು.”

ಸರ್ಕಾರಿ ನೌಕರನ ಮಾತಿಗೆ ಬೆಲೆಯಿದೆಯೆಂದು ನನ್ನನ್ನು ಕೂರಿಸಲಾಗಿತ್ತು. ನನ್ನ ಅಡಿಗೆಮನೆಯಿಂದ ಬಂದ ಬುಟ್ಟಿಯಿಂದಾಗಿ ಆ ಬೆಲೆ ಉಳಿಯಲಿಲ್ಲ. ನಾನಾಡಿದ ಸತ್ಯ ಅವರಿಗೆ ಜೊತೆಗಾರ ಕುಡುಕನ ಸಾಕ್ಷಿಯಾಗಿ ಕಂಡಿತು. ವಾರದೊಳಗೆ ಕಾರ್ಕಳದಿಂದ ಸಂಬಂಧ ಬೇಡವೆಂಬ ಉತ್ತರ ಬಂತು.

ಉತ್ತರ ಬಂದ ದಿನ ಮಾಲೀಕರು ನಮ್ಮ ಬಾಗಿಲಿಗೆ ಬಂದು, ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತರು. ಕರೆದರೂ ಒಳಗೆ ಬರಲಿಲ್ಲ. “ಅಮ್ಮ, ನಿಮ್ಮ ದೇವರಿರುವಲ್ಲಿ ನನ್ನ ಬಾಟ್ಲಿ ಇಡಿಸಿದೆವು. ನಿಮ್ಮ ಮಗನ ಹೆಸರೂ ಹಾಳಾಯಿತು. ನಾಚಿಕೆಯಾಗ್ತದೆ” ಎಂದರು.

ನನ್ನ ತಾಯಿ “ಇರ್ಲಿ ಬಿಡ್ರಿ, ಎಲ್ಲಾ ಒರಿಸೀನಿ” ಎಂದು ಒಳಗಿನಿಂದ ಚಹಾ ತಂದು, “ಚಾ ಕುಡೀರಿ” ಎಂದರು. ಅವರು ನಿಂತೇ ಚಹಾ ಕುಡಿದರು. ಕಪ್ಪನ್ನು ಹಿಡಿದಿದ್ದಷ್ಟು ಹೊತ್ತು ಕೈ ನಿಶ್ಚಲವಾಗಿತ್ತು. ಅದನ್ನು ನನ್ನ ತಾಯಿ ಗಮನಿಸಿದರೆಂದು ತಿಳಿದಾಗ ಅವರು ತಲೆ ತಗ್ಗಿಸಿದರು.

ಮುಂದೆ ಮಗಳಿಗೆ ಬೇರೆ ಕಡೆ ಮದುವೆಯಾಯಿತು. ಆರತಕ್ಷತೆಯಲ್ಲಿ ಲೋಟವೆತ್ತಿ ವಧೂವರರಿಗೆ ಶುಭ ಕೋರುವ ಗೌರವವನ್ನು ದೂರದ ಸಂಬಂಧಿಕರೊಬ್ಬರಿಗೆ ವಹಿಸಲಾಯಿತು. ಹೆಣ್ಣಿನ ತಂದೆ ಎರಡನೆಯ ಸಾಲಿನಲ್ಲಿ, ಕೋಟಿನ ಜೇಬಿನಲ್ಲಿ ಕೈಯಿಟ್ಟು ಕುಳಿತಿದ್ದರು. ಅದು ಅವರದೇ ಇಚ್ಛೆಯೆಂದು ಬಾಯಮ್ಮನವರು ಎಲ್ಲರಿಗೂ ಹೇಳುತ್ತಿದ್ದರು.

ಕಾಯಿಲೆ ಬಲಿತ ಮೇಲೆ ಯಾವ ವಸ್ತುವನ್ನು ಹಿಡಿದರೂ ಕೈ ನಿಲ್ಲದಾಯಿತು. ಗೆಳೆಯರು ಬರುವುದನ್ನು ನಿಲ್ಲಿಸಿದ್ದರು. ಒಂದು ಭಾನುವಾರ ಅವರು ಸಂಕೋಚದಿಂದ, “ನೀವು ಮಾಡ್ತೀರಾ ಸರ್? ನಾನು ಹೇಳಿಕೊಡ್ತೇನೆ” ಎಂದರು. ಜೀವನದಲ್ಲಿ ಮೊದಲ ಬಾರಿಗೆ ನಾನು ಜಿನ್ ಬಾಟಲಿಯ ಮುಚ್ಚಳ ತೆರೆದೆ. ಮೊದಲನೆಯ ಲೋಟ ಕಹಿಯಾಯಿತು. “ಪಾಕಕ್ಕೆ ಬಿಳಿ ಸಿಪ್ಪೆ ಬಿದ್ದಿದೆ, ಫೈಲ್ ವಾಪಸ್” ಎಂದು ನಕ್ಕರು. ಕಲಿತೆ. ಅವರು ಹೀರುಗೊಳವೆಯಿಂದ ಕುಡಿಯುತ್ತಿದ್ದರು. ಆಗಲೂ ಒಂದೇ ಲೋಟ. ಬಾಟಲಿ ಮುಗಿದಾಗ ಉಡುಪಿಯ ಅಂಗಡಿಗೆ ನಾನೇ ಹೋಗುತ್ತಿದ್ದೆ, ಹೆಲ್ಮೆಟ್ ತೆಗೆಯದೆ.

ಅವರು ತೀರಿಕೊಂಡಾಗ, ಮದುವೆಯ ನಂತರ ವಿದೇಶದಲ್ಲಿ ನೆಲೆಸಿದ್ದ ಮಗಳು ಬಂದಳು. ಸಮಾಧಿಯ ವಿಧಿಗಳು ಮುಗಿದು ಜನ ಚದುರಿದ ಬಳಿಕ, ಚರ್ಚಿನ ಅಂಗಳದಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು.

“ಸರ್, ನಿಮ್ಮ ಹತ್ತಿರ ಒಂದು ಕೇಳಬೇಕು. ಪಪ್ಪ ನಿಜವಾಗಿಯೂ ಒಂದೇ ಲೋಟ ಕುಡೀತಿದ್ದರಾ?”

ಇವಳು ನರ್ಸ್; ಕಾಯಿಲೆಯ ಹೆಸರನ್ನು ಮನೆಯಲ್ಲಿ ಮೊದಲು ಹೇಳಿದವಳೇ ಇವಳು.

“ಒಂದೇ” ಎಂದೆ.

“ನಾನು ಡ್ಯೂಟಿಗೆ ಹೋದಾಗಲೂ?”

“ಆಗಲೂ ಒಂದೇ.”

ಅವಳು ನನ್ನ ಮುಖವನ್ನು ನೋಡಿದಳು. ಬಳಿಕ ತಲೆಯ ಮೇಲಿನ ಕಪ್ಪು ದುಪಟ್ಟಾವನ್ನು ಎಳೆದು ಕಣ್ಣು ಮುಚ್ಚಿಕೊಂಡು, “ಅವರು ಇರುವಾಗ ಅವರನ್ನೇ ಕೇಳಬಹುದಿತ್ತು. ಸುಳ್ಳು ಹೇಳಿದರೆ ಎಂತ ಮಾಡುವುದು ಅಂತ ಹೆದರಿ ಕೇಳಲಿಲ್ಲ” ಎಂದಳು.

ಅಂದು ನಾನು ಕೊಟ್ಟ ಉತ್ತರ ಅವಳಿಗೆ ಸಾಕಾಯಿತೋ ಇಲ್ಲವೋ ತಿಳಿಯದು. ನನಗೆ ಸಾಕಾಗಲಿಲ್ಲ. ಆದುದರಿಂದ, ಸದರಿ ಮನೆಯಲ್ಲಿ ಬಾಡಿಗೆದಾರನಾಗಿದ್ದ ನಾನು, ಕಣ್ಣಾರೆ ಕಂಡದ್ದನ್ನು ಯಾರ ಒತ್ತಾಯವೂ ಇಲ್ಲದೆ ಇಲ್ಲಿ ಬರೆದಿದ್ದೇನೆ. ಆಕೆ ಇದನ್ನು ಓದಿ ತನ್ನ ತಂದೆಯನ್ನು ನಂಬಬೇಕಾಗಿ ಕೋರುತ್ತೇನೆ.