ಒಂದು ಮೊಳದ ತಿದ್ದುಪಡಿ

ನಮ್ಮೂರು ಸಂಶಿಯಲ್ಲಿ ನಮ್ಮಪ್ಪ ಹರೆಯದಲ್ಲಿ ಮೆಣಸಿನಕಾಯಿ ಬೆಳೆಯ ಬಗ್ಗೆ ಸಣ್ಣ ಪುಸ್ತಕವೊಂದನ್ನು ಬರೆದು ಅಚ್ಚು ಹಾಕಿಸಿದ್ದ. ಮನೆಯಲ್ಲಿ ಒಂದು ಪ್ರತಿಯೂ ಉಳಿದಿರಲಿಲ್ಲ. ಕೆಲಸಕ್ಕೆಂದು ಕೋಲ್ಕತ್ತಾಗೆ ಹೋದಾಗ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೇಳಿದೆ; ದೇಶದಲ್ಲಿ ಅಚ್ಚಾದ ಪುಸ್ತಕಗಳ ಒಂದೊಂದು ಪ್ರತಿ ಅಲ್ಲಿಗೆ ಹೋಗಬೇಕೆಂಬ ನಿಯಮವಿದೆ. ತಾಸಿನೊಳಗೆ ಪುಸ್ತಕ ನನ್ನ ಮುಂದಿತ್ತು. ಹೊರಗೆ ಬಂದು ಫೋನ್ ಹಚ್ಚಿದೆ.

"ಅಪ್ಪಾ, ನಿನ್ನ ಪುಸ್ತಕ ಸಿಕ್ಕೈತಿ!"

"ಹನ್ನೆರಡನೇ ಪುಟ ನೋಡು. ಸಸಿ ನಡುವ ಒಂದ ಮೊಳ ಅಂತ ಬರದಿದ್ನಿ, ಪ್ರೆಸ್ಸಿನವ್ರು ಒಂದ ಮಾರು ಅಂತ ಹಾಕ್ಯಾರ, ನಾಕ ಪಟ್ಟು ದೂರ. ಊರ ಮಂದಿ ನಕ್ಕರಂತ ಎಲ್ಲಾ ಸುಟ್ಟಹಾಕಿದ್ನಿ. ಅದನ್ನ ತಿದ್ದಿ ಬಾ."

ಒಳಗೆ ಹೋಗಿ, ಪೆನ್ಸಿಲ್ ಹಿಡಿದುಕೊಂಡೇ ಒಂದು ಪದ ತಿದ್ದಬಹುದೇ ಎಂದು ಅಲ್ಲಿನ ಮೇಲ್ವಿಚಾರಕಿಯನ್ನು ಹಿಂದಿಯಲ್ಲಿ ಕೇಳಿದೆ.

"ಒಂದು ಚುಕ್ಕೆಯನ್ನೂ ಇಡುವಂತಿಲ್ಲ," ಎಂದು ಆಕೆ ನಕ್ಕಳು. "ತಿದ್ದಿ ಮತ್ತೆ ಅಚ್ಚು ಹಾಕಿಸಲಿ, ಅದನ್ನೂ ಇಟ್ಟುಕೊಳ್ಳುತ್ತೇವೆ."

ಎಂಬತ್ತರ ಅಪ್ಪ ಈಗ ಎರಡನೇ ಆವೃತ್ತಿ ಬರೆಯುತ್ತಿದ್ದಾನೆ. ಕರಡು ತಿದ್ದುವ ಕೆಲಸವನ್ನು ಮಾತ್ರ ಯಾರಿಗೂ ಕೊಡುವುದಿಲ್ಲವಂತೆ, ನನಗೂ.