ಹೂವಿನ ಪತ್ರ ತೆರೆದ ರಾಚವ್ವ

ಬೆಳಿಗ್ಗೆ ಆರೂವರೆ. ಮಾಟುಂಗದ ಖಾಸಗಿ ರಕ್ತನಿಧಿಯೊಂದರ ಕಂಪ್ಯೂಟರ್ ಕೋಣೆಗೆ ರಾಚವ್ವ ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ. ರಕ್ತದಾನ ಶಿಬಿರಗಳಿಂದ ಬಂದ ಒಂಬತ್ತು ಫ್ಲಾಪಿಗಳು ಮೇಜಿನ ಮೇಲಿವೆ. ಉಳಿದವರು ಬರುವಷ್ಟರಲ್ಲಿ ಒಂದೊಂದನ್ನೂ ಪರೀಕ್ಷಿಸಿ ಇಡಬೇಕು. ಯಾರೋ ಹೇಳಿದ ಕೆಲಸವಲ್ಲ ಇದು.

"ಅಕ್ಷರ ಅಂದ್ರ ಬರೇ ಓದೂದು ಅಂತ ತಿಳಿದಿದ್ದೆ. ಅದರಾಗ ಹುಕುಮ್ ಅಡಗಿರತೈತಿ ಅಂತ ಗೊತ್ತಿರಲಿಲ್ರೀ," ಎನ್ನುತ್ತಾರೆ.

ವಿಜಾಪುರದಿಂದ ಮದುವೆಯಾಗಿ ಸಯನ್‌ಗೆ ಬಂದ ಇವರು ಈ ರಕ್ತನಿಧಿಯಲ್ಲಿ ಹದಿನಾಲ್ಕು ವರ್ಷದಿಂದ ಟೈಪಿಸ್ಟ್. ೧೯೮೯ರಲ್ಲಿ ಕಂಪ್ಯೂಟರ್ ಬಂದಾಗ ಕಿರಿಯ ಸಹೋದ್ಯೋಗಿ ಮೋಹಿನಿಯ ಜೊತೆ ಕೂತು ದಾನಿಗಳ ಹೆಸರು, ರಕ್ತದ ಗುಂಪು, ಫೋನ್ ನಂಬರು ತುಂಬಿಸಿದರು. ಎರಡು ಸಾವಿರದ ಎಂಟುನೂರು ಜನ.

ಮರುವರ್ಷ ದೀಪಾವಳಿಗೆ ಪರಿಚಯದವರೊಬ್ಬರು ಕೊಟ್ಟ ಫ್ಲಾಪಿಯಲ್ಲಿ ಶುಭಾಶಯ ಪತ್ರವಿತ್ತು. ಹೊರಗಿನ ಫ್ಲಾಪಿ ಹಾಕಬಾರದೆಂಬ ನಿಯಮವಿದ್ದರೂ ರಾಚವ್ವ ತೆರೆದರು. ಪರದೆ ತುಂಬ ಬಣ್ಣದ ಹೂವು. ಆ ಹೂವು ಬಿಡಿಸುವ ಸಂಕೇತಗಳ ನಡುವೆ ಕೀಬೋರ್ಡಿಗೂ ಗುಟ್ಟಾಗಿ ಒಂದು ಆಜ್ಞೆ ಇತ್ತು: ಎಂಟರ್ ಒತ್ತಿದರೆ ಎಲ್ಲ ಅಳಿಸು. ರಾಚವ್ವ ಹೂವು ನೋಡಿ ಖುಷಿಪಟ್ಟು ಚಹಾಕ್ಕೆ ಎದ್ದರು. ಮೋಹಿನಿ ಬಂದು ಕೂತು ಎಂಟರ್ ಒತ್ತಿದರು.

ಪಟ್ಟಿ ಹೋಯಿತು. ಮ್ಯಾನೇಜರು ಎಲ್ಲರೆದುರು ಮೋಹಿನಿಯನ್ನು ಬೈದರು. ರಾಚವ್ವ ಬಾಗಿಲಲ್ಲೇ ನಿಂತಿದ್ದರು.

"ಚಹಾದ ಕಪ್ ಕೈಯಾಗಿತ್ರೀ. ಆಕಿ ನನ್ನ ಮಾರಿ ನೋಡಿದ್ಲು. ನಾ ಕಪ್ ನೋಡಿದೆ."

ಮೋಹಿನಿ ಅದೇ ವಾರ ಕೆಲಸ ಬಿಟ್ಟರು. ರಿಪೇರಿಗೆ ಬಂದ ಇಂಜಿನಿಯರ್ ಕಾರಣ ಪತ್ತೆ ಹಚ್ಚಿ, ಫ್ಲಾಪಿ ಯಾರದೆಂದು ಕೇಳಿದಾಗಷ್ಟೇ ರಾಚವ್ವ ಒಪ್ಪಿಕೊಂಡರು. ಕ್ಷಮೆ ಕೇಳಲು ಗ್ರಾಂಟ್ ರೋಡಿನ ಮೋಹಿನಿಯ ಮನೆಗೆ ಹೋದರೆ ಬಾಗಿಲು ತೆರೆಯಲಿಲ್ಲ. ಹಳೆಯ ಕಾಗದದ ಫಾರ್ಮುಗಳನ್ನು ಹುಡುಕಿ, ಇಪ್ಪತ್ತಾರು ದಿನ ಕೂತು, ಇಡೀ ಪಟ್ಟಿಯನ್ನು ಒಬ್ಬರೇ ಮತ್ತೆ ಟೈಪ್ ಮಾಡಿದರು.

ಅಂಥ ಸಂಕೇತಗಳ ಮಾತು ಕೇಳುವ ಸೌಲಭ್ಯವನ್ನೇ ಈಗ ಕಂಪ್ಯೂಟರಿನಿಂದ ತೆಗೆಸಿದ್ದಾರೆ. ಹೊರಗಿನಿಂದ ಬಂದದ್ದು ಹೂವಾಗಿ ಅರಳುವುದಿಲ್ಲ; ಗುಟ್ಟಿನ ಆಜ್ಞೆಯೂ ಬರೀ ಅಕ್ಷರವಾಗಿ ಕಣ್ಣಿಗೆ ಬೀಳುತ್ತದೆ. ಎರಡು ವರ್ಷದಲ್ಲಿ ಇಂಥ ಮೂರು ಫ್ಲಾಪಿ ಹಿಡಿದಿದ್ದಾರೆ. ಪ್ರತಿ ಸಂಜೆ ಪಟ್ಟಿಯ ಇನ್ನೊಂದು ನಕಲು ಮಾಡಿ ಕಪಾಟಿನಲ್ಲಿ ಇಡುತ್ತಾರೆ.

ಫೋಟೋ ತೆಗೆಯಲು ಹೋದರೆ ಕೈ ಅಡ್ಡ ಹಿಡಿಯುತ್ತಾರೆ.

"ನನ್ನ ಹೊಗಳಿ ಬರೀಬ್ಯಾಡ್ರೀ. ಮೋಹಿನಿದೇನೂ ತಪ್ಪಿಲ್ಲ, ತಪ್ಪು ಮಾಡಿದಾಕಿ ರಾಚವ್ವ ಅಂತ ಬರೀರಿ. ಆಕಿ ಮನ್ಯಾಗ ನಿಮ್ಮ ಪೇಪರ್ ತರಸ್ತಾರ."