ಉಗುಳುವ ತಾಟು

ಕಲಬುರಗಿ ಕೋಟೆಯ ಹಿಂದಿನ ಓಣಿಯ ಅಂಗನವಾಡಿಯಲ್ಲಿ ಊಟದ ಹೊತ್ತಿಗೆ ಕಾರ್ಯಕರ್ತೆ ನೀಲಗಂಗಮ್ಮ ಮಕ್ಕಳ ನಡುವೆ ಒಂದು ಖಾಲಿ ತಾಟು ಇಡುತ್ತಾಳೆ. ಅದು ಉಗುಳುವುದಕ್ಕೆ. ಹಣ್ಣಾಗಲಿ ಪಲ್ಯವಾಗಲಿ, ಒಮ್ಮೆ ಬಾಯಿಗೆ ಹಾಕಿಕೊಂಡು ಅಗಿಯಬೇಕು; ಸೇರದಿದ್ದರೆ ತಾಟಿನಲ್ಲಿ ಉಗುಳಿದರಾಯಿತು, ಯಾರೂ ಬೈಯುವಂತಿಲ್ಲ. ಅನ್ನ ಉಗುಳುವುದು ಪಾಪ ಎಂದು ಓಣಿಗೆ ಓಣಿಯೇ ಬಾಯಿ ಮಾಡಿತು.

“ಪಾಪ ನನಗಿರ್ಲಿ, ಪಲ್ಯ ಕೂಸಿಗಿರ್ಲಿ,” ಎಂದಳು ಅವಳು.

ಈ ಹಟದ ಬೇರು ಕಮಲಾಪುರದಲ್ಲಿದೆ. ಅಲ್ಲಿಯ ಬಾಳೆತೋಟದ ಮನೆಯ ಮಗಳು ಅವಳು. ಐದು ವರ್ಷದವಳಿದ್ದಾಗ ಹುಳಿ ಸೊಪ್ಪಿನ ಪುಂಡಿಪಲ್ಯ ಒಲ್ಲೆ ಅಂದಳೆಂದು ಅಜ್ಜಿ ಮೂಗು ಹಿಡಿದು ತುರುಕಿದ್ದಳು. ವಾಂತಿಯಾದ ಮೇಲೂ ಬಿಡಲಿಲ್ಲ. ಐವತ್ತೊಂದು ವರ್ಷವಾಯಿತು, ಇವತ್ತಿಗೂ ಪುಂಡಿಯ ವಾಸನೆಗೆ ಅವಳ ಗಂಟಲು ಕಟ್ಟುತ್ತದೆ. ಕಲಬುರಗಿಯಲ್ಲಿದ್ದು ಪುಂಡಿಪಲ್ಯ ತಿನ್ನದವಳು! ಬೀಗರ ಮನೆಗಳಲ್ಲಿ ಎಷ್ಟು ನಗೆಪಾಟಲಾಗಿದ್ದಾಳೋ ಲೆಕ್ಕವಿಲ್ಲ. ಅಜ್ಜಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಈ ವರ್ಷ ಅವಳ ನಿದ್ದೆ ಕೆಡಿಸಿದ್ದು ಮೂರು ವರ್ಷದ ಸನಾ. ಚಹಾದಲ್ಲಿ ಅದ್ದಿದ ಬಿಸ್ಕೀಟು ಬಿಟ್ಟರೆ ಬೇರೇನೂ ಮುಟ್ಟದ ಹುಡುಗಿ. ತಿಂಗಳಿಂದ ತಿಂಗಳಿಗೆ ತೂಕ ಇಳಿಯುತ್ತಿತ್ತು. ಅಣ್ಣನ ತೋಟದಿಂದ ನೀಲಗಂಗಮ್ಮ ತಂದ ಕೆಂಪು ಬಾಳೆಹಣ್ಣನ್ನು ಸನಾ ಎಂಟು ದಿನ ಉಗುಳಿ, ಒಂಬತ್ತನೆಯ ದಿನ ನುಂಗಿದಳು. ಪಲ್ಯ ಮಾತ್ರ ಒಂದು ಎಳೆಯೂ ಒಳಗೆ ಹೋಗಿರಲಿಲ್ಲ.

ಹೊಸ ಮೇಲ್ವಿಚಾರಕಿ ಸುನಂದಾ ಬಂದದ್ದು ಆಗಲೇ. ತಾಟು ನೋಡಿ ಮುಖ ಸಿಂಡರಿಸಿದರು.

“ಏನ್ರಿ ಇದು ಹೊಲಸು? ಇವತ್ತೇ ತೆಗೀರಿ. ಇಲ್ಲಾಂದ್ರ ನೋಟಿಸ್ ಕೊಡಬೇಕಾಗ್ತದ.”

“ಕೊಡ್ರಿ ಮೇಡಂ. ತಾಟು ಮಾತ್ರ ತೆಗ್ಯಾಂಗಿಲ್ಲ ನಾ.”

ದಿನಕ್ಕೊಂದು ಮನೆಯಿಂದ ಒಂದು ಪಲ್ಯ ಬರುವುದು ಅಲ್ಲಿಯ ರೂಢಿ. ಆ ದಿನ ಸನಾಳ ತಾಯಿ ಲತೀಫಾಳ ಸರದಿ. ಡಬ್ಬಿ ತೆರೆದರೆ ಪುಂಡಿಪಲ್ಯ! ಸನಾ ಒಂದು ಚಿಟಿಕೆ ತೆಗೆದು ನೀಲಗಂಗಮ್ಮನ ಬಾಯಿಯ ಹತ್ತಿರ ಹಿಡಿದಳು.

“ಅಕ್ಕೋರೆ, ಮೊದ್ಲ ನೀ ತಿನ್ನು.”

ಮೇಡಂ ಪೆನ್ನು ಹಿಡಿದು ನಿಂತಿದ್ದರು. ಒಲ್ಲೆ ಎಂದರೆ ಮಕ್ಕಳಿಗೆ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ನೀಲಗಂಗಮ್ಮ ಬಾಯಿ ತೆರೆದಳು. ಅಗಿದಳು. ಕಣ್ಣಲ್ಲಿ ನೀರು ಬಂತು, ಗಂಟಲು ಬಿಡಲಿಲ್ಲ. ತಾಟು ಎಳೆದುಕೊಂಡು, ಮೇಡಂ ಕಣ್ಣೆದುರೇ ಉಗುಳಿದಳು.

“ಇವತ್ತ ಆಗ್ಲಿಲ್ಲವ್ವ. ನಾಳೆ ಮತ್ತ ನೋಡ್ತೀನಿ.”

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಸನಾ ನಗಲಿಲ್ಲ. ತಾಟನ್ನೊಮ್ಮೆ, ಅಕ್ಕೋರನ್ನೊಮ್ಮೆ ನೋಡಿ, ಒಂದು ಚಿಟಿಕೆ ತನ್ನ ಬಾಯಿಗೆ ಹಾಕಿಕೊಂಡಳು. ಹುಳಿಗೆ ಮುಖ ಕಿವುಚಿತು. ತಾಟಿನ ಅಂಚು ಹಿಡಿದು ಬಗ್ಗಿದವಳು ಹಾಗೆಯೇ ನಿಂತಳು, ನುಂಗಿದಳು, ಮೇಡಂ ಕಡೆ ತಿರುಗಿ ಖಾಲಿ ಬಾಯಿಯನ್ನು ಅಗಲವಾಗಿ ತೆರೆದು ತೋರಿಸಿದಳು.

ನೀಲಗಂಗಮ್ಮ ತಾಟು ತೊಳೆದು ತಂದು ಅದೇ ಜಾಗದಲ್ಲಿ ಇಟ್ಟಳು.

“ನೋಟಿಸಿನ್ಯಾಗ ಇದನ್ನೂ ಬರೀರಿ, ಮೇಡಂ,” ಎಂದಳು.